ಕನ್ನಡದಲ್ಲಿ ಮಕ್ಕಳ ಕಾದಂಬರಿ ಬರೆದಿದ್ದೇನೆ, ಲಿಟರರಿ ಏಜೆಂಟ್ ಎಲ್ಲಿ ಸಿಗುತ್ತಾರೆ?

ಶಹಾಪುರದಿಂದ ಕೇಳಿದ್ದೀರಿ. ಮಕ್ಕಳಿಗಾಗಿ ಮೊದಲ ಕಾದಂಬರಿ ಬರೆದು ಮುಗಿಸಿದ್ದೀರಿ, ಈಗ ಏಜೆಂಟ್ (ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕಿ ಒಪ್ಪಂದ ಮಾಡಿಸುವವರು) ಬೇಕು, ಅವರಿಗೆ ಎಷ್ಟು ಕೊಡಬೇಕು, ಚಿತ್ರಗಳನ್ನು ನೀವೇ ಹಾಕಿಸಬೇಕಾ ಅಂತ. ನಾನಿರುವುದು ಕಲಬುರಗಿಯಲ್ಲಿ. ನನ್ನ ಮೊದಲ ಮಕ್ಕಳ ಕಾದಂಬರಿಯೂ ಕನ್ನಡದ್ದೇ. ಅದರ ಇಂಗ್ಲಿಷ್ ಅನುವಾದಕ್ಕೆ ಈಗ ಒಬ್ಬ ಏಜೆಂಟ್ ಇದ್ದಾರೆ, ಹಾಗಾಗಿ ಎರಡೂ ಕಡೆಯದು ಗೊತ್ತು.

ಮೊದಲು ಬೇಸರದ ಮಾತು ಹೇಳಿಬಿಡ್ತೀನಿ ನೋಡ್ರಿ. ಕನ್ನಡದಲ್ಲಿ ಪುಸ್ತಕ ತರಲು ಏಜೆಂಟ್ ಬೇಡ, ಆ ಪದ್ಧತಿಯೇ ಇಲ್ಲಿ ಬೆಳೆದಿಲ್ಲ. ಸುಮ್ಮನೆ ಲೆಕ್ಕ ಹಾಕಿ. 100 ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ಶೇ 10 ರಾಯಲ್ಟಿ. ಎಲ್ಲಾ ಪ್ರತಿ ಮಾರಾಟವಾದರೂ ನಿಮ್ಮ ಕೈಗೆ 10,000. ಅದರಲ್ಲಿ ಏಜೆಂಟಿಗೆ ಶೇ 15 ಅಂದರೆ 1,500. ಅಷ್ಟಕ್ಕೆ ಯಾರು ನಿಮ್ಮ ಪರವಾಗಿ ಓಡಾಡುತ್ತಾರೆ? ಪ್ರಕಾಶಕರಿಗೆ ನೀವೇ ಬರೆಯಬೇಕು, ಅವರ ರೂಢಿಯೂ ಅದೇ. ನಮ್ಮೂರಲ್ಲೇ ಸಿದ್ಧಲಿಂಗೇಶ್ವರ ಪ್ರಕಾಶನ ಇದೆ. ಬೆಂಗಳೂರಿನ ನವಕರ್ನಾಟಕ ಎಷ್ಟೋ ವರ್ಷಗಳಿಂದ ಮಕ್ಕಳ ಪುಸ್ತಕ ತರುತ್ತಿದೆ. ಕಳಿಸುವ ಮೊದಲು ಅವರ ಮಕ್ಕಳ ಪುಸ್ತಕ ಎರಡು ಮೂರಾದರೂ ಕೊಂಡು ಓದಿ. ಅವರು ಹಾಕುವುದು ಬರೀ ನೀತಿಕಥೆ, ಜೀವನಚರಿತ್ರೆ ಅಂತ ಕಂಡರೆ ನಿಮ್ಮ ಕಾದಂಬರಿಯನ್ನು ಅಲ್ಲಿಗೆ ಕಳಿಸಿ ಕಾಯುವುದು ವ್ಯರ್ಥ.

ಹಸ್ತಪ್ರತಿ ಓದುವ ಮೊದಲೇ "ಮುನ್ನೂರು ಪ್ರತಿ ನೀವೇ ತಗೋರಿ" ಅನ್ನುವವರು ಸಿಗುತ್ತಾರೆ. ನನಗೂ ಒಬ್ಬರು ಸಿಕ್ಕಿದ್ದರು. ಅದು ನಿಮ್ಮ ದುಡ್ಡಲ್ಲಿ ಅವರು ಮಾಡುವ ಮುದ್ರಣ. ಬೇಕೆಂದೇ ಮಾಡಿಸುವುದಾದರೆ ಬೇರೆ ಮಾತು. ಆಗ ಸ್ವಂತವಾಗಿಯೇ ತನ್ನಿ, ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಪುಕ್ಕಟೆಯಾಗಿ ಕೊಡುತ್ತದೆ.

ಈಗ ಏಜೆಂಟ್ ವಿಷಯ. ಅವರ ಕೆಲಸ ಶುರುವಾಗುವುದು ಇಂಗ್ಲಿಷಿನಲ್ಲಿ. ಆದರೆ ಆ ಬಾಗಿಲು ತೆರೆದಿರಬೇಕಾದರೆ ಕನ್ನಡದ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಎಚ್ಚರ ಬೇಕು. ಇದು ಈ ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. "ಕೃತಿಯ ಎಲ್ಲ ಹಕ್ಕುಗಳು ಪ್ರಕಾಶಕರವು" ಎಂಬ ಒಂದು ಸಾಲು ಇದ್ದರೆ ಅನುವಾದ, ಆಡಿಯೋ, ಸಿನಿಮಾ ಎಲ್ಲವೂ ಅದರೊಳಗೆ ಹೋದವು. ಅದನ್ನು ಹೊಡೆದು ಹಾಕಿಸಿ, "ಕನ್ನಡ ಮುದ್ರಣದ ಹಕ್ಕು ಮಾತ್ರ, ಇಷ್ಟು ವರ್ಷಕ್ಕೆ" ಅಂತ ಬರೆಸಿ. ಅವಧಿ ಬರೆಯದೇ ಹೋದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಅದನ್ನು 5 ವರ್ಷ ಅಂತ ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕಾನೂನು ನಿಮ್ಮ ಕಡೆಗಿದೆ, ಆದರೂ ಬರೆಸಿಕೊಳ್ಳುವುದೇ ವಾಸಿ. ನಾನು ಕೇಳಿದಾಗ ಪ್ರಕಾಶಕರು ಜಗಳ ಮಾಡಲಿಲ್ಲ, "ಮಕ್ಕಳ ಪುಸ್ತಕಾನ ಯಾರ್ರೀ ಅನುವಾದ ಮಾಡ್ತಾರ" ಅಂತ ನಕ್ಕು ಹೊಡೆದು ಹಾಕಿದರು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಮೇಲೆ ಕನ್ನಡದ ಕಡೆ ಹೊರಗಿನವರು ತಿರುಗಿ ನೋಡುತ್ತಿದ್ದಾರೆ ನಿಜ. ಆದರೆ ಕನ್ನಡದಲ್ಲಿರುವ ಹಸ್ತಪ್ರತಿಯನ್ನು ಹೆಚ್ಚಿನ ಏಜೆಂಟರು ಓದಲಾರರು. ಒಳ್ಳೆಯ ಅನುವಾದಕರಿಂದ ಮೊದಲ ಮೂರು ಅಧ್ಯಾಯ ಮಾಡಿಸಿ, ಜೊತೆಗೆ ಇಡೀ ಕಥೆಯ ಒಂದು ಪುಟದ ಸಾರಾಂಶ. ಸಾರಾಂಶದಲ್ಲಿ ಕೊನೆಯನ್ನು ಮುಚ್ಚಿಡಬಾರದು, ಕೊನೆ ಹೇಗಾಗುತ್ತದೆ ಅಂತ ತಿಳಿಯಲೆಂದೇ ಅವರು ಅದನ್ನು ಕೇಳುವುದು.

ಇನ್ನು ಏಜೆಂಟರಿಗೆ ಬರೆಯುವ ಪತ್ರ. ನಮ್ಮಲ್ಲಿ ಹಿರಿಯರ ಮುನ್ನುಡಿ, ಬೆನ್ನುಡಿ ಇದ್ದರೆ ದಾರಿ ಸಲೀಸು. ಏಜೆಂಟರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. "ಈ ಕಾದಂಬರಿ ಮಕ್ಕಳಲ್ಲಿ ಪ್ರಾಮಾಣಿಕತೆ ಬೆಳೆಸುತ್ತದೆ" ಎಂಬ ಸಾಲನ್ನಂತೂ ಬರೆಯಲೇಬೇಡಿ. ನನ್ನ ಪತ್ರದ ಶುರು ಹೀಗಿತ್ತು: "ಕಲಬುರಗಿಯ ನೆಹರು ಗಂಜಿನಲ್ಲಿ ಹಮಾಲಿ ಮಾಡುವವನ ಮಗಳು, ಆರನೇ ಕ್ಲಾಸು. ತೊಗರಿ ಚೀಲಗಳ ತೂಕದಲ್ಲಿ ದಿನಾ ಎರಡು ಕಿಲೋ ಮಾಯವಾಗುತ್ತಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಬಾಯಿ ಬಿಟ್ಟರೆ ಅಪ್ಪನ ಕೂಲಿ ಹೋಗುತ್ತದೆ." ಅದರ ಕೆಳಗೆ ಯಾವ ವಯಸ್ಸಿಗೆ (9ರಿಂದ 12), ಎಷ್ಟು ಪದ, ಕನ್ನಡದಲ್ಲಿ ಯಾರು ತಂದಿದ್ದಾರೆ, ಅನುವಾದದ ಹಕ್ಕು ಯಾರದು. ಅಷ್ಟೇ. ಪದಗಳ ಲೆಕ್ಕವನ್ನು ಇಂಗ್ಲಿಷ್ ಅನುವಾದದ ಅಂದಾಜಿನಲ್ಲೇ ಕೊಡಿ. ವಿಭಕ್ತಿಗಳೆಲ್ಲ ಅಂಟಿಕೊಂಡಿರುವ ನಮ್ಮ ಭಾಷೆಯ ಲೆಕ್ಕ ಕೊಟ್ಟರೆ ಪುಸ್ತಕ ತೀರಾ ಸಣ್ಣದು ಅಂದುಕೊಳ್ಳುತ್ತಾರೆ.

ಒಪ್ಪಿಕೊಂಡ ಏಜೆಂಟ್ ಮೊದಲ ಫೋನಿನಲ್ಲಿ ಹಣದ ಮಾತು ಎತ್ತಲಿಲ್ಲ. "ಕೊನೆಯಲ್ಲಿ ಮೇಷ್ಟ್ರು ಬಂದು ಎಲ್ಲಾ ಬಗೆಹರಿಸುತ್ತಾರಲ್ಲ, ಆ ಹೊತ್ತಿಗೆ ಹುಡುಗಿ ಏನು ಮಾಡ್ತಿರ್ತಾಳೆ?" ಅಂತ ಕೇಳಿದರು. ಕನ್ನಡದ ಓದುಗರಲ್ಲಿ ಯಾರೂ ಕೇಳಿರದ ಪ್ರಶ್ನೆ. ಇಂಗ್ಲಿಷ್ ಆವೃತ್ತಿಯಲ್ಲಿ ತಕ್ಕಡಿಯ ಕೆಳಗೆ ಅಂಟಿಸಿದ ಕಬ್ಬಿಣದ ತುಂಡನ್ನು ಎಲ್ಲರೆದುರು ಕಿತ್ತು ತೋರಿಸುವುದು ಹುಡುಗಿಯೇ. ಮೇಷ್ಟ್ರಿಗೆ ಆ ಅಧ್ಯಾಯದಲ್ಲಿ ಈಗ ಮಾತೇ ಇಲ್ಲ.

ಫೀ ವಿಷಯ ಸರಳ. ಓದುವುದಕ್ಕೆ, ಪಟ್ಟಿಗೆ ಸೇರಿಸಿಕೊಳ್ಳುವುದಕ್ಕೆ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಸಾಮಾನ್ಯವಾಗಿ ಅವರದು ನಿಮಗೆ ಬಂದ ಹಣದಲ್ಲಿ ಶೇ 15, ಹೊರದೇಶದ ಮಾರಾಟಕ್ಕೆ ಶೇ 20ರ ಸುಮಾರು. ಜೈಪುರದ ಸಿಯಾಹಿ, ದೆಹಲಿಯ ರೈಟರ್ಸ್ ಸೈಡ್, ಬೆಂಗಳೂರಿನಲ್ಲಿ ಹುಟ್ಟಿದ ಜಕರಾಂಡಾ, ಇವು ಹೆಸರಿರುವ ಏಜೆನ್ಸಿಗಳು. ಮಕ್ಕಳ ಪುಸ್ತಕ ಸದ್ಯ ತೆಗೆದುಕೊಳ್ಳುತ್ತಿದ್ದಾರಾ ಅಂತ ಅವರವರ ವೆಬ್‌ಸೈಟ್ ನೋಡಿಯೇ ಕಳಿಸಿ. ಯಾರೂ ಒಪ್ಪದಿದ್ದರೂ ಕೈ ಚೆಲ್ಲಬೇಕಿಲ್ಲ. ಪೆಂಗ್ವಿನ್ ಒಳಗಿರುವ ಡಕ್‌ಬಿಲ್, ಸ್ಪೀಕಿಂಗ್ ಟೈಗರ್‌ನ ಟಾಕಿಂಗ್ ಕಬ್‌ನಂಥ ಇಂಗ್ಲಿಷ್ ಪ್ರಕಾಶನಗಳು ಮಕ್ಕಳ ಕಾದಂಬರಿಗಳನ್ನೂ ತರುತ್ತವೆ. ಲೇಖಕರಿಂದ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳುವ ಅವಧಿ ಇದೆಯಾ ಅಂತ ಅವರ ಪುಟಗಳಲ್ಲಿ ಆಗಾಗ ನೋಡುತ್ತಿರಿ. ಚಿತ್ರಪುಸ್ತಕವಾದರೆ ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಇವೆ, ಅವು ಕನ್ನಡದಲ್ಲೂ ಪುಸ್ತಕ ತರುತ್ತವೆ. ಆದರೆ ನಿಮ್ಮದು ಕಾದಂಬರಿ, ಅಲ್ಲಿ ಕೂಡಿಬರುವುದು ಕಷ್ಟ.

ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದರೆ ಕಳಿಸುವ ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಒಮ್ಮೆ ಪೂರ್ತಿ ಓದಿ. ಅರ್ಕಾವೊತ್ತು ಕೆಡುವುದು ಅಲ್ಲೇ. ಚಿತ್ರಗಳನ್ನು ನೀವು ಹಾಕಿಸಬೇಕಿಲ್ಲ, ಕಲಾವಿದರನ್ನು ಹುಡುಕಿ ದುಡ್ಡು ಕೊಡುವುದು ಪ್ರಕಾಶಕರ ಪಾಲಿನ ಕೆಲಸ.