‘ತಾಂತ್ರಿಕ ದೋಷ’ ಎಂದು ಬರೆದು ಕೈಬಿಡಬೇಡಿ

ಪ್ರಿಯರೇ, ನಮಸ್ಕಾರ.

ಕುಂಬಳೆಯಿಂದ ನೀವು ಕಳುಹಿಸಿದ ಸ್ಕಿಯಾಪರೆಲ್ಲಿ ಲ್ಯಾಂಡರ್ ಕುರಿತ ಲೇಖನ ಈಗಿರುವಂತೆ ಪ್ರಕಟಿಸುವ ಹಾಗಿಲ್ಲ. ತಿದ್ದಿ ಕೊಟ್ಟರೆ ಖಂಡಿತ ಹಾಕುತ್ತೇವೆ, ವಿಷಯ ಅಷ್ಟು ಒಳ್ಳೆಯದು.

2016ರ ಅಕ್ಟೋಬರ್ 19ರಂದು ಯುರೋಪಿನ ಈ ನೌಕೆ ಮಂಗಳಕ್ಕೆ ಅಪ್ಪಳಿಸಿದ್ದಕ್ಕೆ ನೀವು ಕೊಟ್ಟ ಕಾರಣ ‘ತಾಂತ್ರಿಕ ದೋಷ’. ಯಾವ ದೋಷ? ಓದುಗರಿಗೆ ಬೇಕಾದದ್ದು ಅದೇ. ಪ್ಯಾರಾಚೂಟ್ ಸುಮಾರು 12 ಕಿ.ಮೀ. ಎತ್ತರದಲ್ಲಿ ಸರಿಯಾಗಿಯೇ ಬಿಚ್ಚಿಕೊಂಡಿತು. ಆ ರಭಸಕ್ಕೆ ಲ್ಯಾಂಡರ್ ಎಣಿಸಿದ್ದಕ್ಕಿಂತ ಜೋರಾಗಿ ಓಲಾಡಿತು. ತಿರುಗುವ ವೇಗ ಅಳೆಯುವ ಸೆನ್ಸರ್ ತನ್ನ ಗರಿಷ್ಠ ಮಿತಿ ಮುಟ್ಟಿ ಸುಮಾರು ಒಂದು ಸೆಕೆಂಡು ಅಲ್ಲೇ ನಿಂತುಬಿಟ್ಟಿತು. ಅಷ್ಟು ಹೊತ್ತೂ ನೌಕೆ ಅದೇ ವೇಗದಲ್ಲಿ ತಿರುಗುತ್ತಿದೆ ಎಂದು ಕಂಪ್ಯೂಟರ್ ಲೆಕ್ಕ ಕೂಡಿಸುತ್ತಾ ಹೋಯಿತು. ಕೊನೆಗೆ ಅದರ ಲೆಕ್ಕದಲ್ಲಿ ನೌಕೆ ಹೆಚ್ಚುಕಡಿಮೆ ತಲೆಕೆಳಗು. ಮುಂದೆ ರಾಡಾರ್ ನೆಲದ ದೂರವನ್ನು ಸರಿಯಾಗಿ ಅಳೆದರೂ ಪ್ರಯೋಜನವಾಗಲಿಲ್ಲ. ಆ ದೂರವನ್ನು, ನೌಕೆ ನೇರ ನಿಲುವಿನಿಂದ ವಾಲಿದ ಕೋನದ ಕೊಸೈನ್‌ನಿಂದ (ತ್ರಿಕೋನಮಿತಿಯ ಒಂದು ಅನುಪಾತ) ಗುಣಿಸಿದಾಗ ತಾನೇ ಎತ್ತರ ಸಿಗುವುದು? ಕೋನ 90 ಡಿಗ್ರಿ ದಾಟಿದರೆ ಉತ್ತರ ಋಣಸಂಖ್ಯೆ, ಅಂದರೆ ನೌಕೆ ನೆಲದಡಿಯಲ್ಲಿದೆ! ಇದಕ್ಕೊಂದು ಚಿತ್ರ ಬಿಡಿಸಿ ಕಳುಹಿಸಿ. ನಮ್ಮ ಬದಿಯಡ್ಕ, ಮಂಜೇಶ್ವರದ ಕನ್ನಡ ಮೀಡಿಯಂ ಹೈಸ್ಕೂಲು ಮಕ್ಕಳಿಗೂ ತಿಳಿಯಬೇಕು.

ಇಳಿದಾಯಿತೆಂದು ನಂಬಿದ ಕಂಪ್ಯೂಟರ್ ಇನ್ನೂ 3.7 ಕಿ.ಮೀ. ಮೇಲಿರುವಾಗಲೇ ಪ್ಯಾರಾಚೂಟ್ ಕಳಚಿತು. ಸುಮಾರು 30 ಸೆಕೆಂಡು ಉರಿಯಬೇಕಿದ್ದ ಎಂಜಿನ್‌ಗಳನ್ನು ಮೂರೇ ಸೆಕೆಂಡಿಗೆ ಆರಿಸಿತು. ನೆಲಕ್ಕೆ ಬಡಿದದ್ದು ಗಂಟೆಗೆ ಸುಮಾರು 540 ಕಿ.ಮೀ. ವೇಗದಲ್ಲಿ. ಹಾಗಾಗಿ ‘ಇಂಧನ ಮುಗಿದು ಬಿತ್ತು’ ಎಂಬ ನಿಮ್ಮ ಮಾತು ತಪ್ಪು. ಟ್ಯಾಂಕಿನಲ್ಲಿ ಬೇಕಾದಷ್ಟು ಇಂಧನವಿತ್ತು.

‘ಇಡೀ ಯೋಜನೆ ನೆಲಕಚ್ಚಿತು’ ಎಂಬುದನ್ನೂ ತೆಗೆಯಿರಿ. ಜೊತೆಗೆ ಹೋಗಿದ್ದ ಟ್ರೇಸ್ ಗ್ಯಾಸ್ ಆರ್ಬಿಟರ್ ಅದೇ ದಿನ ಮಂಗಳನ ಕಕ್ಷೆ ಸೇರಿತು. ಇಳಿಯುವಾಗ ಲ್ಯಾಂಡರ್ ಕಳುಹಿಸಿದ ಮಾಹಿತಿಯನ್ನು ದಾಖಲಿಸಿಕೊಂಡದ್ದೂ ಅದೇ. ಆ ದಾಖಲೆ ಇಲ್ಲದಿದ್ದರೆ ಒಂದು ಸೆಕೆಂಡಿನ ಈ ಎಡವಟ್ಟು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ.

‘ಊಹೆಗೂ ನಿಲುಕದ ವೇಗ’ ಬೇಡ. ವಾತಾವರಣ ಹೊಕ್ಕಾಗ ವೇಗ ಗಂಟೆಗೆ ಸುಮಾರು 21,000 ಕಿ.ಮೀ.; ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ಒಂಬತ್ತು ಸೆಕೆಂಡು ಎಂದು ಬರೆಯಿರಿ, ಎಲ್ಲರಿಗೂ ನಿಲುಕುತ್ತದೆ. ಅಂಗಾರಕನ ಕೋಪದ ಮೊದಲೆರಡು ಪ್ಯಾರಾ ಪೂರ್ತಿ ಬಿಡಿ.

ಒಂದು ಮುಖ್ಯ ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಪ್ಯಾರಾಚೂಟಿನಲ್ಲಿ ತೂಗುತ್ತಿರುವ ನೌಕೆಯ ಎತ್ತರ ಸೊನ್ನೆಗಿಂತ ಕಡಿಮೆ ಬಂದರೆ ಆ ಅಂಕಿಯನ್ನೇ ಅನುಮಾನಿಸುವ ತಪಾಸಣೆ ಸಾಫ್ಟ್‌ವೇರ್‌ನಲ್ಲಿ ಸಾಲದಾಗಿತ್ತು. ಅದನ್ನು ಸೇರಿಸಿ, 800 ಪದದೊಳಗೆ ಮತ್ತೆ ಕಳುಹಿಸಿ.

— ಸಂಪಾದಕ