ಸಮನ್ವಯ ಶಿಕ್ಷಣ, ಅಂಗವೈಕಲ್ಯ ಅಧ್ಯಯನ: ಧಾರವಾಡದಲ್ಲಿದ್ದುಕೊಂಡೇ ಈ ದಾರಿ ಹಿಡಿಯಬಹುದೇ?

ನೀವು ಕೇಳಿರುವುದು ಇಷ್ಟು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿದಿದೆ, ಬಿ.ಎಡ್. ಕೂಡ ಆಗಿದೆ, ಈಗ ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕರಾಗಿದ್ದೀರಿ. ನಿಮ್ಮ ಎಂಟನೆಯ ತರಗತಿಗೆ ಕಿವಿ ಕೇಳದ ಹುಡುಗಿಯೊಬ್ಬಳು ಸೇರಿದ ಮೇಲೆ ಈ ವಿಷಯ ನಿಮ್ಮ ತಲೆ ಬಿಟ್ಟು ಹೋಗುತ್ತಿಲ್ಲ. ಸಮನ್ವಯ ಶಿಕ್ಷಣ (ಅಂಗವಿಕಲ ಮಕ್ಕಳೂ ಉಳಿದ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕಲಿಯುವ ವ್ಯವಸ್ಥೆ) ಮತ್ತು ಅಂಗವೈಕಲ್ಯ ಅಧ್ಯಯನದಲ್ಲಿ ಓದು, ಸಂಶೋಧನೆ, ಅಧ್ಯಾಪನ ಎಂದು ಬದುಕು ಕಟ್ಟಿಕೊಳ್ಳಬಹುದೇ? ಅದಕ್ಕಾಗಿ ಮುಂಬೈಗೋ ದೆಹಲಿಗೋ ಹೋಗಲೇಬೇಕೇ?

ಕಟ್ಟಿಕೊಳ್ಳಬಹುದು. ಹೋಗಲೇಬೇಕೆಂದೇನೂ ಇಲ್ಲ. ಪದವಿ, ಪರೀಕ್ಷೆಗಳ ವಿವರ ಕೆಳಗೆ ಬರೆದಿದ್ದೇನೆ. ಅದಕ್ಕಿಂತ ಮೊದಲು ನವಲಗುಂದ ತಾಲ್ಲೂಕಿನ ಒಂದು ಮನೆಯ ಕಥೆ ಹೇಳಬೇಕು. ಅದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ನಿಮಗೆ ಕೋರ್ಸುಗಳ ಪಟ್ಟಿ ಸಿಕ್ಕೀತು, ವಿಷಯ ಸಿಗುವುದಿಲ್ಲ.

ನಾನು ಈಗ ಧಾರವಾಡದಲ್ಲಿ ಶಿಕ್ಷಕರಾಗಲಿರುವವರಿಗೆ ಪಾಠ ಮಾಡುತ್ತೇನೆ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಎಡಗಾಲಿನ ಶಕ್ತಿ ಹೋಯಿತು. ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ. ಕಾಲೇಜಿಗೆ ಬರುವ ಮೊದಲು ಕೆಲವು ವರ್ಷ ಬಿ.ಐ.ಇ.ಆರ್.ಟಿ. ಆಗಿದ್ದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿ.ಆರ್.ಸಿ.) ಸೇರಿದ ಸಂಪನ್ಮೂಲ ಶಿಕ್ಷಕನ ಕೆಲಸ ಅದು. ವಿಶೇಷ ಅಗತ್ಯವುಳ್ಳ ಮಕ್ಕಳಿರುವ ಶಾಲೆಗಳಿಗೆ ಹೋಗಬೇಕು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ನನ್ನ ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇದ್ದ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ.

ಆಗಸ್ಟ್ ತಿಂಗಳು, ಹೆಸರು ಬಿಡಿಸುವ ಕಾಲ. ಅವನಿಗೆ ಶಿಬಿರದಲ್ಲಿ ಕೊಟ್ಟಿದ್ದ ಗಾಲಿ ಕುರ್ಚಿ ಪಡಸಾಲೆಯ ಮೂಲೆಯಲ್ಲಿತ್ತು, ಅದರ ಮೇಲೆ ಹೆಸರು ತುಂಬಿದ ಚೀಲ. ಚಕ್ರದ ಕಡ್ಡಿಗಳ ನಡುವೆ ಎರೆ ಮಣ್ಣು ಒಣಗಿ ಕಲ್ಲಾಗಿತ್ತು. ಅವನ ತಾಯಿ ಕುಡುಗೋಲಿನ ತುದಿಯಿಂದ ಅದನ್ನು ಕೆರೆದು ತೋರಿಸಿದರು: ‘ಇಷ್ಟು ತೆಗೆಯುವುದರೊಳಗೆ ಗಂಟೆ ಬಾರಿಸುತ್ತಾರೆ, ಸರ್.’ ಹೊಸ್ತಿಲಲ್ಲಿ ನಿಂತರೆ ಶಾಲೆಯ ಧ್ವಜಸ್ತಂಭ ಕಾಣುತ್ತಿತ್ತು. ನಾನು ನನ್ನ ನಮೂನೆ ತೆಗೆದು, ‘ಶಾಲೆಗೆ ಬಾರದಿರಲು ಕಾರಣ’ ಎಂಬ ಅಂಕಣದಲ್ಲಿ, ಎಲ್ಲರೂ ಬರೆಯುತ್ತಿದ್ದಂತೆ, ‘ತೀವ್ರ ವೈಕಲ್ಯ’ ಎಂದು ಬರೆದೆ. ಹೊರಗೆ ಬಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನನ್ನ ಕ್ಯಾಲಿಪರಿನ ಬೂಟು ಅದೇ ಮಣ್ಣಿನಲ್ಲಿ ಹೂತುಹೋಯಿತು. ಆ ತಾಯಿಯೇ ಬಂದು ಭುಜ ಕೊಟ್ಟು ರಸ್ತೆಯವರೆಗೆ ಬಿಟ್ಟರು.

ಮರುದಿನ ಆ ಶಾಲೆಯ ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಅವನು ಹೆಚ್ಚುಕಡಿಮೆ ಪ್ರತಿದಿನವೂ ಬಂದಿದ್ದ. ಜೂನ್‌ನಿಂದ ಸಾಲಾಗಿ ಗೈರು. ದೇಹ ಅದೇ, ವೈಕಲ್ಯ ಅದೇ, ಗಾಲಿ ಕುರ್ಚಿಯೂ ಅದೇ. ಬದಲಾಗಿದ್ದದ್ದು ದಾರಿ. ಕಾರಣದ ಅಂಕಣದಲ್ಲಿ ನಾನು ಹುಡುಗನನ್ನು ಬರೆದಿದ್ದೆ, ದಾರಿಯನ್ನು ಬರೆದಿರಲಿಲ್ಲ.

ಅಂಗವೈಕಲ್ಯ ಅಧ್ಯಯನ ಎಂಬ ಶಿಸ್ತು ಹುಟ್ಟಿದ್ದು ಇಂಥ ಕಡೆಯೇ. ಬ್ರಿಟನ್ನಿನ ಅಂಗವಿಕಲ ಹೋರಾಟಗಾರರು 1976ರಲ್ಲಿ ದೇಹದ ಊನ ಬೇರೆ, ಸಮಾಜ ಅದರ ಮೇಲೆ ಹೇರುವ ವೈಕಲ್ಯ ಬೇರೆ ಎಂದು ಬಿಡಿಸಿ ಹೇಳಿದರು. ಸ್ವತಃ ಗಾಲಿ ಕುರ್ಚಿಯಲ್ಲಿದ್ದ ಮೈಕ್ ಆಲಿವರ್ 1980ರ ದಶಕದಲ್ಲಿ ಇದನ್ನು ‘ಸಾಮಾಜಿಕ ಮಾದರಿ’ ಎಂದು ಬೆಳೆಸಿದರು. ನನಗೆ ಅದರ ಅರ್ಥ ಮೈಗೆ ತಾಗಿದ್ದು 2018ರಲ್ಲಿ, ಹುಬ್ಬಳ್ಳಿ–ಧಾರವಾಡದ ನಡುವೆ ತ್ವರಿತ ಸಾರಿಗೆಯ ಚಿಗರಿ ಬಸ್ ಓಡಲು ಆರಂಭವಾದಾಗ. ಅಲ್ಲಿಯವರೆಗೆ ಬಸ್ ಹತ್ತಬೇಕಾದರೆ ಯಾರಾದರೂ ನನ್ನ ರಟ್ಟೆ ಹಿಡಿದು ಎಳೆಯಬೇಕಿತ್ತು. ಚಿಗರಿಯ ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿವೆ. ಬಾಗಿಲು ತೆರೆಯಿತು, ನಾನು ಒಳಗೆ ನಡೆದೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಆ ದಿನ ಸಂಜೆ ಅದೇ ಕಾಲಿನಲ್ಲಿ ಹಳ್ಳಿಯ ಬಸ್ಸಿನ ಮೆಟ್ಟಿಲ ಮುಂದೆ ನಿಂತಾಗ ಮತ್ತೆ ‘ಪಾಪ’ ಎನ್ನಿಸಿಕೊಂಡೆ. ಹಾಗೆಂದು ಈ ಮಾದರಿಯನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಚಳಿಗಾಲದ ರಾತ್ರಿ ನನ್ನ ಕಾಲು ನೋಯುತ್ತದೆ. ಯಾವ ಇಳಿಜಾರು ದಾರಿಯೂ ಆ ನೋವನ್ನು ತೆಗೆಯಲಾರದು. ನೋವಿನ ಮಾತನ್ನು ಬಿಟ್ಟ ಸಿದ್ಧಾಂತ ಅರ್ಧ ಎಂದು ಅಂಗವಿಕಲ ಮಹಿಳಾ ಚಿಂತಕರೇ ವಾದಿಸಿದ್ದಾರೆ. ಆ ಜಗಳವನ್ನೂ ಓದಿ.

ಎರಡೂ ವಿಷಯ ಒಂದೇ ಅಲ್ಲ. ಸಮನ್ವಯ ಶಿಕ್ಷಣದ ಕಾಳಜಿ ಶಾಲೆ: ಪಾಠ, ಪರೀಕ್ಷೆ, ಶಿಕ್ಷಕರ ತರಬೇತಿ, ಕಟ್ಟಡ. ಅಂಗವೈಕಲ್ಯ ಅಧ್ಯಯನ ಕಾನೂನು, ಭಾಷೆ, ಚರಿತ್ರೆ, ಸಾಹಿತ್ಯ ಎಲ್ಲವನ್ನೂ ಕೆದಕುತ್ತದೆ. ಸಮಾಜಶಾಸ್ತ್ರ ಓದಿದ ನಿಮಗೆ ಎರಡನೆಯದು ಹತ್ತಿರವಾದೀತು. ಕನ್ನಡದಲ್ಲಿ ಅಲ್ಲಿ ಬೆಟ್ಟದಷ್ಟು ಕೆಲಸ ಬಿದ್ದಿದೆ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆಯನ್ನು ತರಗತಿಯಲ್ಲಿ ಕೇಳಿಕೊಂಡು ಬೆಳೆದವನು ನಾನು. ಇಂಥ ಗಾದೆಗಳನ್ನೆಲ್ಲ ಕೂಡಿಹಾಕಿ, ಅವು ಯಾರ ಬಾಯಲ್ಲಿ ಯಾವಾಗ ಬರುತ್ತವೆ ಎಂದು ಯಾರಾದರೂ ಕುಳಿತು ಬರೆಯಬೇಕು. ನಮ್ಮ ಸರ್ಕಾರಿ ಪದಗಳನ್ನೇ ನೋಡಿ. ‘ಅಂಗವಿಕಲ’ ಕೇಳಲು ಚೆನ್ನಾಗಿಲ್ಲವೆಂದು ‘ವಿಕಲಚೇತನ’ ಬಂತು. ಮೊದಲಿನ ಪದದಲ್ಲಿ ಊನವಿದ್ದದ್ದು ಅಂಗಕ್ಕೆ. ಈಗ ಅದು ಚೇತನಕ್ಕೇ ಬಂದು ಕುಳಿತಿದೆ! ನಾನು ‘ಅಂಗವಿಕಲ’ ಎಂದೇ ಬರೆಯುತ್ತೇನೆ.

ಚರಿತ್ರೆಯೂ ಪಕ್ಕದಲ್ಲೇ ಇದೆ. ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳು ಇಬ್ಬರೂ ನಿಮ್ಮ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವರು, ಇಬ್ಬರೂ ಅಂಧರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ತೀರಿಕೊಂಡರು. ಅಲ್ಲಿ ಕಣ್ಣಿಲ್ಲದ ಮಕ್ಕಳೂ ಕಣ್ಣಿರುವ ಬಡಮಕ್ಕಳೂ ಒಂದೇ ಸೂರಿನಡಿ, ಒಬ್ಬ ಅಂಧ ಗುರುವಿನ ಎದುರು ಕುಳಿತು ಕಲಿತರು. ಅಂಗವಿಕಲ ವ್ಯಕ್ತಿ ಕೇವಲ ಫಲಾನುಭವಿಯಲ್ಲ, ಕಲಿಸುವವನು ಎಂಬುದನ್ನು ಈ ಸೀಮೆ ನೂರು ವರ್ಷಗಳಿಂದ ಬಲ್ಲದು. ‘ಸಮನ್ವಯ’ ಎಂಬ ಮಾತಿಗೆ ಜಗತ್ತು ಸಾಮಾನ್ಯವಾಗಿ ತೋರಿಸುವುದು 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಹೊರಟ ಘೋಷಣೆಯನ್ನು. ಅದನ್ನು ಓದಲೇಬೇಕು; ಓದುವಾಗ ಗದಗ ನೆನಪಿರಲಿ. ಹಾಗೆಯೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಅಂಧ ಮಗು ಎಂದ ಕೂಡಲೇ ನಮ್ಮ ಬಾಯಲ್ಲಿ ಸಂಗೀತವೊಂದೇ ಏಕೆ ಬರುತ್ತದೆ, ಗಣಿತ ಏಕೆ ಬರುವುದಿಲ್ಲ?

ಇನ್ನು ಪದವಿಗಳ ವಿಚಾರ. ಇಲ್ಲಿ ಅನೇಕರು ಎಡವುವುದು ಒಂದೇ ಕಡೆ. ಸಾಮಾನ್ಯ ಬಿ.ಎಡ್. ಕಾಲೇಜುಗಳು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಅಡಿಯಲ್ಲಿ ಬರುತ್ತವೆ. ವಿಶೇಷ ಶಿಕ್ಷಣದ ಕೋರ್ಸುಗಳು 1992ರ ಕಾಯ್ದೆಯಂತೆ ನಡೆಯುವ ಭಾರತೀಯ ಪುನರ್ವಸತಿ ಪರಿಷತ್ತಿನ ಅಡಿಯಲ್ಲಿ ಬರುತ್ತವೆ. ವಿಶೇಷ ಶಿಕ್ಷಕರಾಗಿ ಕೆಲಸ ಮಾಡಲು, ಅಂಥವರನ್ನು ತಯಾರು ಮಾಡುವ ಕೋರ್ಸಿನಲ್ಲಿ ಕಲಿಸಲು ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಬೇಕು. ಪಿಎಚ್.ಡಿ. ಇದ್ದ ಮಾತ್ರಕ್ಕೆ ಅದು ಬರುವುದಿಲ್ಲ. ಆ ದಾರಿ ಬೇಕೆಂದರೆ ವಿಶೇಷ ಬಿ.ಎಡ್., ಆಮೇಲೆ ವಿಶೇಷ ಎಂ.ಎಡ್. ಮಾಡಬೇಕು. ಶ್ರವಣದೋಷದಲ್ಲಿ ಇವೆರಡಕ್ಕೂ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹೆಸರಾದ ಜಾಗ. ಬೇರೆ ಎಲ್ಲಿ ಸೇರುವುದಾದರೂ ಆ ಕಾಲೇಜಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲಿ ನೋಡಿಕೊಂಡೇ ಶುಲ್ಕ ಕಟ್ಟಿ.

ಅಧ್ಯಾಪಕರಾಗುವ ದಾರಿ ಬೇಕೆಂದರೆ ನಿಮ್ಮ ಎಂ.ಎ. ಮೇಲೆಯೇ ಸಮಾಜಶಾಸ್ತ್ರದಲ್ಲಿ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ರಾಷ್ಟ್ರಮಟ್ಟದ ಎನ್.ಇ.ಟಿ. ಅಥವಾ ರಾಜ್ಯದ ಕೆ-ಸೆಟ್ ಬರೆಯಬಹುದು. ಬಿ.ಎಡ್. ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೆ ಎಂ.ಎಡ್. ಮಾಡಿ. ಎನ್.ಇ.ಟಿ.ಯ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅತಿಥಿ ಶಿಕ್ಷಕರ ಗೌರವಧನ ನೆಚ್ಚಿಕೊಂಡಿರುವವರಿಗೆ ಇದು ಸಣ್ಣ ಮಾತಲ್ಲ, ಆದ್ದರಿಂದ ಎರಡು ಸಲ ತಪ್ಪಿದರೂ ಮೂರನೆಯ ಸಲ ಬರೆಯಿರಿ. ಅಂಗವೈಕಲ್ಯ ಅಧ್ಯಯನಕ್ಕೆಂದೇ ಇರುವ ವಿಭಾಗಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಇಲ್ಲಿದ್ದು ಮಾಡುವುದಾದರೆ ಕರ್ನಾಟಕ ವಿಶ್ವವಿದ್ಯಾಲಯದ ಶಿಕ್ಷಣ ಅಥವಾ ಸಮಾಜಶಾಸ್ತ್ರ ವಿಭಾಗದ ಮೂಲಕ ಮಾಡಬೇಕು. ಕಾನೂನಿನ ಕಡೆ ಒಲವಿದ್ದವರಿಗೆ ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯವಿದೆ. ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರಿಗೂ ಮಹಿಳೆಯರಿಗೂ ಪಿಎಚ್.ಡಿ. ಮುಗಿಸಲು ಎರಡು ವರ್ಷ ಹೆಚ್ಚುವರಿ ಅವಧಿ ಸಿಗುತ್ತದೆ.

ಕೆಲಸ ಸಿಗುತ್ತದೆಯೇ? ಕಾಯಂ ಹುದ್ದೆಗಳು ಕಡಿಮೆ, ಕಾಯುವುದು ಹೆಚ್ಚು. ನಾನೂ ಆರು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಆದರೆ ಕಾನೂನು ಬೇಡಿಕೆಯನ್ನು ಹುಟ್ಟಿಸಿದೆ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು, 2016ರ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಕಲಿಕಾ ನ್ಯೂನತೆ, ಆಟಿಸಂ ಸೇರಿದ್ದರಿಂದ ಪ್ರತಿ ಶಾಲೆಯಲ್ಲೂ ಇಂಥ ಮಕ್ಕಳಿದ್ದಾರೆ ಎಂದಾಯಿತು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅಷ್ಟು ಶಿಕ್ಷಕರನ್ನು ತಯಾರು ಮಾಡುವವರು ಬೇಕಲ್ಲ.

ಪಿಎಚ್.ಡಿ. ವಿಷಯ ಆರಿಸುವಾಗ ನನ್ನ ಒಂದು ಮಾತು ನಡೆಸಿಕೊಡಿ. ‘ಸಮನ್ವಯ ಶಿಕ್ಷಣದ ಕುರಿತು ಶಿಕ್ಷಕರ ಮನೋಭಾವ’ ಎಂಬ ವಿಷಯ ತೆಗೆದುಕೊಳ್ಳಬೇಡಿ. ಇನ್ನೂರು ಶಿಕ್ಷಕರಿಗೆ ಪ್ರಶ್ನಾವಳಿ ಹಂಚಿ, ಗಂಡು–ಹೆಣ್ಣು, ನಗರ–ಗ್ರಾಮೀಣ ಎಂದು ಕೋಷ್ಟಕ ಹಾಕಿದರೆ ಪದವಿ ಬರುತ್ತದೆ. ನನ್ನ ಮೊದಲ ಮಾರ್ಗದರ್ಶಕರು ಹಟ ಹಿಡಿದದ್ದೂ ಅದಕ್ಕೇ. ಎರೆ ಸೀಮೆಯ ಶಾಲೆಗಳ ಮಳೆಗಾಲದ ಹಾಜರಿಯ ಮೇಲೆ ಕೆಲಸ ಮಾಡುತ್ತೇನೆಂದಾಗ ‘ಇದು ಲೋಕೋಪಯೋಗಿ ಇಲಾಖೆಯ ವಿಷಯ’ ಎಂದು ಕಳುಹಿಸಿದರು. ಮಾರ್ಗದರ್ಶಕರನ್ನು ಬದಲಿಸಲು ಒಂದೂವರೆ ವರ್ಷ ಹೋಯಿತು. ಆದರೆ ಹಾಜರಿ ಪುಸ್ತಕಗಳನ್ನು ಬಿಡಲಿಲ್ಲ. ನನ್ನ ಪ್ರಬಂಧದಲ್ಲಿ ಪರೀಕ್ಷಕರು ಬೆರಳಿಟ್ಟು ಓದಿದ ಪುಟ ಯಾವುದೆಂದರೆ, ತಿಂಗಳುವಾರು ಗೈರುಹಾಜರಿಯನ್ನು ಮನೆಯಿಂದ ಶಾಲೆಯವರೆಗಿನ ದಾರಿಯ ಮಣ್ಣಿನ ಜೊತೆ ಜೋಡಿಸಿದ ಪುಟ. ಆ ಹುಡುಗನ ಊರಿನಲ್ಲಿ ಆ ದಾರಿಯ ತುಂಬ ಫರಸಿ ಕಲ್ಲು ಬಿದ್ದದ್ದು ನನ್ನ ಪ್ರಬಂಧದಿಂದಲ್ಲ, ಅವನ ತಾಯಿ ಪಂಚಾಯಿತಿಗೆ ಅಲೆದದ್ದರಿಂದ. ಅಷ್ಟರಲ್ಲಿ ಅವನಿಗೆ ಹದಿನಾಲ್ಕಾಗಿತ್ತು.

ಈಗ ನಿಮ್ಮ ಎಂಟನೆಯ ತರಗತಿಯ ಹುಡುಗಿ. ಅವಳಿಗಾಗಿ ಪದವಿ ಬರುವವರೆಗೆ ಕಾಯಬೇಡಿ. ಕಪ್ಪುಹಲಗೆಗೆ ಮುಖ ಮಾಡಿ ಬರೆಯುತ್ತಾ ಮಾತನಾಡಬೇಡಿ. ಬರೆದು ಮುಗಿಸಿ, ತಿರುಗಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು ಹೇಳಿ. ಪಾಠದ ಹೊಸ ಪದಗಳನ್ನು ಮೊದಲೇ ಬರೆದು ಅವಳ ಕೈಗೆ ಕೊಡಿ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಹತ್ತು ಸಾವಿರ ಪದಗಳ ನಿಘಂಟು ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ. ದಿನಕ್ಕೆ ಐದು ಸಂಜ್ಞೆ ನೀವೂ ಕಲಿಯಿರಿ, ತರಗತಿಗೂ ಕಲಿಸಿ. ಬಹುಶಃ ಅವಳನ್ನು ಮೊದಲ ಬೆಂಚಿನಲ್ಲಿ ಕೂರಿಸಿದ್ದೀರಿ, ನಾವೆಲ್ಲ ಹಾಗೆಯೇ ಮಾಡುತ್ತೇವೆ. ಅಲ್ಲಿಂದ ಹಿಂದೆ ಕುಳಿತವರು ಉತ್ತರ ಹೇಳುವಾಗ ಅವರ ಬಾಯಿ ಅವಳಿಗೆ ಕಾಣುವುದಿಲ್ಲ. ಎಲ್ಲಿ ಕುಳಿತರೆ ಅನುಕೂಲ ಎಂದು ನಾಳೆ ಅವಳನ್ನೇ ಕೇಳಿ. ಅವಳು ಯಾವ ಜಾಗ ತೋರಿಸಿದಳು, ಏಕೆ ತೋರಿಸಿದಳು ಎಂಬುದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.