ನಿಮ್ಮ ಸೆನ್ಸರ್ ಲೇಖನದ ಬಗ್ಗೆ

ನಮಸ್ಕಾರ,

ವೈರ್‌ಲೆಸ್ ಸೆನ್ಸರ್ ಜಾಲಗಳು, ಅಂದರೆ ಅಳತೆ ಮಾಡಿ ರೇಡಿಯೊದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ಬ್ಯಾಟರಿ ಸಾಧನಗಳ ಗುಂಪು, ಮಾಹಿತಿ ಕಲೆಹಾಕುವ ಬಗೆಯ ಮೇಲೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ.

ಮೊದಲ ಎರಡು ಪುಟ ಬರೀ ವ್ಯಾಖ್ಯಾನ. ಓದುಗರಿಗೆ ಬೇಕಾದ ಮಾತು ಆರನೇ ಪುಟದಲ್ಲಿ ಅಡಗಿ ಕೂತಿದೆ: ಸಾಮಾನ್ಯವಾಗಿ ಬ್ಯಾಟರಿಯನ್ನು ಜಾಸ್ತಿ ತಿನ್ನುವುದು ರೇಡಿಯೊ. ಕಳಿಸುವಾಗಷ್ಟೇ ಅಲ್ಲ, ಯಾರಾದರೂ ಕಳಿಸುತ್ತಾರೇನೋ ಅಂತ ಕಿವಿಗೊಟ್ಟು ಕಾಯುವಾಗಲೂ ಚಾರ್ಜ್ ಇಳಿಯುತ್ತದೆ. ಇದನ್ನು ಮೊದಲಿಗೇ ತನ್ನಿ.

ಒಂದು ತಪ್ಪೂ ಇದೆ. 'ದಾರಿಯ ಪ್ರತಿ ಸೆನ್ಸರ್ ತನಗೆ ಬಂದ ಸರಾಸರಿಗಳ ಸರಾಸರಿ ತೆಗೆದು ಮುಂದೆ ಕಳಿಸುತ್ತದೆ' ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ. ಒಂದು ಕಡೆ ಮೂರು ಸೆನ್ಸರ್ 20 ಡಿಗ್ರಿ ತೋರಿಸಿವೆ, ಇನ್ನೊಂದು ಕಡೆ ಒಂದೇ ಒಂದು 32 ತೋರಿಸಿದೆ. ನೀವು ಹೇಳಿದ ಹಾಗೆ ಮಾಡಿದರೆ 26 ಬರುತ್ತದೆ. ನಿಜವಾದ ಸರಾಸರಿ 23. ಅದಕ್ಕೇ ಮೊತ್ತ ಎಷ್ಟು, ಅದು ಎಷ್ಟು ಸೆನ್ಸರ್‌ಗಳದ್ದು ಎಂಬ ಎರಡು ಸಂಖ್ಯೆ ಕಳಿಸಬೇಕು. ಭಾಗಿಸುವುದು ಕೊನೆಯಲ್ಲಿ.

ಅದಕ್ಕಿಂತ ನನ್ನನ್ನು ಕಾಡಿದ್ದು 'ಸರಾಸರಿಯೇ ಪರಿಹಾರ' ಎಂಬ ಮಾತು. ತಾಪಮಾನಕ್ಕೆ ಸರಿ. ಆದರೆ 2005ರಲ್ಲಿ ಈಕ್ವೆಡಾರ್‌ನ ರೆವೆಂಟಡೋರ್ ಜ್ವಾಲಾಮುಖಿಯಲ್ಲಿ 16 ಸೆನ್ಸರ್ ಇಟ್ಟವರಿಗೆ ಸರಾಸರಿ ಯಾತಕ್ಕೆ? ಅವರಿಗೆ ಬೇಕಿದ್ದುದು ಕಂಪನದ ಇಡೀ ಅಲೆ, ಸೆಕೆಂಡಿಗೆ 100 ಅಳತೆ. ಅಷ್ಟನ್ನೂ ಆಗಿಂದಾಗಲೇ ಕಳಿಸುವುದು ಆ ರೇಡಿಯೊ ಕೈಲಿ ಆಗುತ್ತಿರಲಿಲ್ಲ. ಹಾಗಾಗಿ ಪ್ರತಿ ಸೆನ್ಸರ್ ತನ್ನ ಮೆಮೊರಿಯಲ್ಲೇ ಬರೆದಿಟ್ಟುಕೊಳ್ಳುತ್ತಿತ್ತು. ನೆಲ ನಡುಗಿದರೆ 'ಇಲ್ಲೇನೋ ಆಯಿತು' ಅಂತ ಚಿಕ್ಕ ಸುದ್ದಿಯಷ್ಟೇ ಕಳಿಸುತ್ತಿತ್ತು. ಹಲವು ಕಡೆಯಿಂದ ಒಟ್ಟಿಗೆ ಸುದ್ದಿ ಬಂದರೆ ಮಾತ್ರ ಬೇಸ್ ಸ್ಟೇಷನ್, ಅಂದರೆ ಎಲ್ಲರ ಮಾಹಿತಿ ಬಂದು ಸೇರುವ ಕಡೆಯ ಮುಖ್ಯ ಕಂಪ್ಯೂಟರ್, ಒಂದೊಂದನ್ನೇ ಕೇಳಿ ಸುಮಾರು ಒಂದು ನಿಮಿಷದ ದಾಖಲೆ ತರಿಸಿಕೊಳ್ಳುತ್ತಿತ್ತು. ಅಷ್ಟು ಹೊತ್ತು ಹೊಸ ಅಳತೆ ಬಂದ್. ಬೆನ್ನಿಗೇ ಇನ್ನೊಂದು ಸಲ ನಡುಗಿದರೆ ಅದು ಕೈತಪ್ಪಿದಂತೆಯೇ.

ಈ ನಷ್ಟವನ್ನೂ ಬರೆಯಿರಿ. 'ದಕ್ಷತೆ' ಎಂಬ ಪದ ನಿಮ್ಮ ಲೇಖನದಲ್ಲಿ 11 ಸಲ ಬಂದಿದೆ. ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಅಂತ ಒಂದು ಸಲವೂ ಇಲ್ಲ. ನನಗೆ ಓದಬೇಕೆನಿಸುವುದು ಅದೇ.

ನಾಲ್ಕನೇ ಪುಟದ ಒಂದು ವಾಕ್ಯವನ್ನು ಮಾತ್ರ ಮುಟ್ಟಬೇಡಿ: 'ಬೇಸ್ ಸ್ಟೇಷನ್ ಪಕ್ಕದ ಸೆನ್ಸರ್ ಊರವರ ಕಾಗದವನ್ನೆಲ್ಲ ಹೊತ್ತು ಎಲ್ಲರಿಗಿಂತ ಮೊದಲು ಸುಸ್ತಾಗುತ್ತದೆ.' ತುಂಬಾ ಇಷ್ಟವಾಯಿತು. ಉಳಿದದ್ದನ್ನು 1,200 ಪದಕ್ಕೆ ಇಳಿಸಿ, ಮುಂದಿನ ತಿಂಗಳೊಳಗೆ ಕಳಿಸಿ.